‘ಎಲ್ಲ ತಳದ ಮೀನುಗಳಿಗೂ’ ಅನ್ನುವ ಬಿಲ್ಲೆ: ಐದಕ್ಕೆ ಮೂರು ಸ್ಟಾರ್

ಅಕ್ವೇರಿಯಂ ತಳದಲ್ಲಿ ಮೇಯುವ ಮೀನುಗಳಿಗೆ ಹಾಕುವ ಊಟದ ಬಿಲ್ಲೆ ಇದು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಎಲ್ಲ ತಳದ ಮೀನುಗಳಿಗೂ’ ಅಂತ ಬರೆದಿದೆ. ಆ ‘ಎಲ್ಲ’ ಅನ್ನುವ ಪದದ ಮೇಲೇ ನನ್ನ ತಕರಾರು. ಮೂರು ತಿಂಗಳು ಹಾಕಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬೇಡ, ಇದೇ ಮಾತು ಬರೆದುಕೊಂಡ ಡಬ್ಬಿಗಳು ಬೇಕಾದಷ್ಟಿವೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಬಿಲ್ಲೆ ಹಾಕಿದ ಕೂಡಲೇ ಮುಳುಗುತ್ತದೆ, ಮೇಲಿನ ಮೀನುಗಳು ನಡುವೆ ಕಿತ್ತುಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ. ನೀರು ಕದಡುವುದಿಲ್ಲ. ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ, ಆದರೆ ಪುಡಿಯಾಗಿ ಹರಡುವುದಿಲ್ಲ.

ನನ್ನ ಟ್ಯಾಂಕಿನಲ್ಲಿ ಎಂಟು ಕೋರಿಡೋರಸ್, ಒಂದು ಬ್ರಿಸಲ್‌ನೋಸ್ ಪ್ಲೆಕೊ, ಐದು ಒಟೊಸಿಂಕ್ಲಸ್ ಇವೆ. ಎಲ್ಲವೂ ದಕ್ಷಿಣ ಅಮೆರಿಕದ ಕ್ಯಾಟ್‌ಫಿಶ್‌ಗಳು, ಎಲ್ಲಕ್ಕೂ ಮೈಮೇಲೆ ಗಟ್ಟಿ ಫಲಕಗಳ ಕವಚ. ಪ್ಲೆಕೊ ಮತ್ತು ಒಟೊ ಒಂದೇ ಕುಟುಂಬದವು, ಕೋರಿ ಅವುಗಳ ದಾಯಾದಿ ಅನ್ನಿ. ಅಂಗಡಿಯವರೂ ಡಬ್ಬಿಯವರೂ ಇವನ್ನು ಒಂದೇ ಪಂಕ್ತಿಯಲ್ಲಿ ಕೂರಿಸುತ್ತಾರೆ. ಊಟಕ್ಕೆ ಬಂದಾಗ ಮಾತ್ರ ಒಂದರ ದಾರಿ ಇನ್ನೊಂದಕ್ಕಿಲ್ಲ.

ಕೋರಿಗಳಿಗೆ ಈ ಬಿಲ್ಲೆ ಹಬ್ಬ. ಎರಡು ನಿಮಿಷದಲ್ಲಿ ಎಂಟೂ ಸುತ್ತ ಸೇರಿ, ಮೀಸೆ ಅಲ್ಲಾಡಿಸುತ್ತಾ ಮೂತಿಯಿಂದ ನೂಕಾಡುತ್ತವೆ. ಕಾಡಿನ ಹೊಳೆಗಳಲ್ಲಿ ಇವು ಗುಂಪಾಗಿ ಮರಳು ಕೆದಕಿ ಹುಳ, ಕೀಟಗಳ ಮರಿ, ಸಣ್ಣ ಸೀಗಡಿಯಂಥವನ್ನು ಹುಡುಕಿ ತಿನ್ನುತ್ತವೆ, ಬಾಯಿಗೆ ಬಂದ ಮರಳನ್ನು ಕಿವಿರಿನಿಂದ ಹೊರಗೆ ಬಿಡುತ್ತವೆ. ಅದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅದಕ್ಕೇ ಇವಕ್ಕೆ ನುಣುಪು ಮರಳು ಬೇಕು. ನಾನು ಮೊದಲು ಚೂಪು ಜಲ್ಲಿ ಹಾಕಿದ್ದೆ, ಕೆಲವು ತಿಂಗಳಲ್ಲಿ ಮೀಸೆ ಸವೆದು ಮೊಂಡಾಯಿತು (ತಪ್ಪು ನನ್ನದೇ, ಬಣ್ಣ ಚೆನ್ನಾಗಿದೆ ಅಂತ ತಂದಿದ್ದೆ). ಜಲ್ಲಿಯಲ್ಲಿ ಇನ್ನೊಂದು ತೊಂದರೆ ಅಂದರೆ ಮೆತ್ತಗಾದ ಬಿಲ್ಲೆಯ ತುಣುಕು ಸಂದಿಗೆ ಬಿದ್ದು ಅಲ್ಲೇ ಕೊಳೆಯುತ್ತದೆ, ಮೀನಿಗೂ ಸಿಗುವುದಿಲ್ಲ, ನೀರೂ ಕೆಡುತ್ತದೆ. ಇದನ್ನು ಡಬ್ಬಿಯ ಮೇಲೆ ಒಂದು ಸಾಲು ಬರೆಯಬಹುದಿತ್ತಲ್ವಾ?

ಇನ್ನು ಪ್ಲೆಕೊ. ಇದಕ್ಕೆ ಹೀರುವ ಬಾಯಿ, ಒಳಗೆ ಬಾಚಣಿಗೆ ಥರ ಸಾಲು ಹಲ್ಲು. ಕಲ್ಲು, ಮರದ ತುಂಡಿಗೆ ಅಂಟಿಕೊಂಡು ಪಾಚಿ ಕೆರೆಯುವುದೇ ಇದರ ಕಸುಬು. ಇಂಥ ಊಟ ಅರಗಿಸಲು ಹೊಟ್ಟೆಯೊಳಗೆ ಉದ್ದದ ಕರುಳು ಸುರುಳಿ ಸುತ್ತಿಕೊಂಡಿರುತ್ತದೆ. ಹಗಲು ಮರದ ಕೆಳಗೆ, ದೀಪ ಆರಿಸಿದ ಮೇಲೆ ಸವಾರಿ. ಬಿಲ್ಲೆಯನ್ನು ಅದು ತಿಂದಿತು, ಆಸೆಯಿಂದಲೇ ತಿಂದಿತು, ಕೋರಿಗಳನ್ನು ಬಾಲದಿಂದ ತಳ್ಳಿ ಅದರ ಮೇಲೇ ಮಲಗಿತು. ಆದರೆ ಎರಡನೇ ವಾರ ಹೊಟ್ಟೆ ಉಬ್ಬಿತು. ಆಗ ಡಬ್ಬಿ ತಿರುಗಿಸಿ ಓದಿದೆ. ಮೊದಲು ಮೀನಿನ ಹಿಟ್ಟು, ಆಮೇಲೆ ಗೋಧಿ ಹಿಟ್ಟು, ಸ್ಪಿರುಲಿನಾ ಅನ್ನುವ ಪಾಚಿಯ ಪುಡಿ ಕೊನೆಯಲ್ಲೆಲ್ಲೋ. ಮುಂದೆ ಮಾತ್ರ ಹಸಿರು ಎಲೆಯ ಚಿತ್ರ! ಒಂದು ವಾರ ಬಿಲ್ಲೆ ನಿಲ್ಲಿಸಿ ಸೌತೆಕಾಯಿ ಹೋಳು ಹಾಕಿದೆ, ಸರಿಹೋಯಿತು.

ಪ್ಲೆಕೊ ಅಂದರೆ ಎಲ್ಲವೂ ಸಸ್ಯಾಹಾರಿ ಅಂತಲೂ ಅಲ್ಲ, ಗೊಂದಲ ಇರುವುದೇ ಇಲ್ಲಿ. ಬ್ರೆಜಿಲಿನ ಷಿಂಗು ನದಿಯ ಬಂಡೆ ಸಂದಿಗಳಲ್ಲಿರುವ ಝೀಬ್ರಾ ಪ್ಲೆಕೊಗೆ ಹಲ್ಲು ಕಡಿಮೆ, ಪಾಚಿ ಕೆರೆಯುವುದಕ್ಕಿಂತ ಮಾಂಸದ ಊಟವೇ ಅದಕ್ಕೆ ಇಷ್ಟ. ಅದನ್ನು ಸಾಕಿದವರಿಗೆ ಈ ಬಿಲ್ಲೆ ಹಿಡಿಸಬಹುದು. ಪನಾಕ್ ಅನ್ನುವ ಇನ್ನೊಂದು ನೆಂಟ ಮರವನ್ನೇ ಕೆರೆದು ನುಂಗುತ್ತದೆ, ಆದರೆ ಮರದ ನಾರು ಅದಕ್ಕೂ ಸರಿಯಾಗಿ ಅರಗುವುದಿಲ್ಲ, ಜೊತೆಗೆ ಹೋಗುವ ಕೊಳೆತ ಕಸದಿಂದ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಮೂರಕ್ಕೂ ಒಂದೇ ಬಿಲ್ಲೆ ಅಂದರೆ ಹೇಗೆ?

ಒಟೊಗಳ ವಿಷಯಕ್ಕೆ ಬಂದರೆ ಪೂರಾ ಸೊನ್ನೆ. ಮೂರು ತಿಂಗಳಲ್ಲಿ ಒಂದೂ ಬಿಲ್ಲೆಯ ಹತ್ತಿರ ಬರಲಿಲ್ಲ. ನಿಜ ಹೇಳಬೇಕೆಂದರೆ ಒಟೊ ತಳದ ಮೀನೇ ಅಲ್ಲ, ಅದು ಗಿಡದ ಮೀನು. ಹೊಳೆಯ ಅಂಚಿನ ಎಲೆ, ಕಾಂಡಕ್ಕೆ ಅಂಟಿಕೊಂಡು ತೆಳು ಪಾಚಿಯ ಪದರ ಮೇಯುತ್ತಾ ಹಗಲೆಲ್ಲ ಕಳೆಯುತ್ತದೆ. ಕೆಳಗೆ ಊಟ ಇದೆ ಅಂತ ಇಳಿದು ಬರುವ ಜಾಯಮಾನ ಅದರದ್ದಲ್ಲ. ಅಂಗಡಿಗೆ ಬರುವಾಗಲೇ ಇವು ಹಸಿದು ಸೊರಗಿರುವುದು ಜಾಸ್ತಿ, ಹೊಟ್ಟೆ ಒಳಗೆ ಹೋಗಿದ್ದರೆ ತರಬೇಡಿ. ಡಬ್ಬಿ ನಂಬಿ, ಪಾಚಿ ಇನ್ನೂ ಕಟ್ಟದ ಹೊಸ ಟ್ಯಾಂಕಿಗೆ ಸುಮ್ನೆ ನಾಲ್ಕು ಒಟೊ ತಂದುಬಿಟ್ಟವರ ಗತಿ ಏನು? ಎರಡು ಸ್ಟಾರ್ ಕಿತ್ತದ್ದು ಇದಕ್ಕೇ.

ಮತ್ತೆ ತರುತ್ತೇನಾ? ತರುತ್ತೇನೆ, ಕೋರಿಗಳಿಗೆ ಅಂತ. ದೀಪ ಇರುವಾಗಲೇ ಹಾಕಿ, ಪ್ಲೆಕೊ ಏಳುವ ಮೊದಲೇ ಖಾಲಿಯಾಗುವಂತೆ ನೋಡಿಕೊಳ್ಳುತ್ತೇನೆ. ಒಟೊಗಳಿಗೆ ಕಿಟಕಿಯ ಬಿಸಿಲಲ್ಲಿ ನೀರಿನ ಪಾತ್ರೆ ಇಟ್ಟು ಅದರಲ್ಲಿ ನಾಲ್ಕು ಕಲ್ಲು ಹಾಕಿದ್ದೇನೆ, ಹಸಿರು ಕಟ್ಟಿದ ಕಲ್ಲನ್ನು ಟ್ಯಾಂಕಿಗೆ ಇಳಿಸುವುದು, ಬೋಳಾದದ್ದನ್ನು ವಾಪಸ್ ಬಿಸಿಲಿಗೆ ಇಡುವುದು.