“10 ಎಂಎಂ ಅಂದ್ರೆ 10 ಎಂಎಂ” ಅಂತ ಚೈನ್ ಮಾರುವವರನ್ನು ನಂಬಬೇಡಿ

ಬೋಟಿನ ಲಂಗರಿಗೆ ಹೊಸ ಚೈನ್ ಹಾಕಬೇಕು, ಕೆಲಸವನ್ನು ನಾವೇ ಮಾಡಿಕೊಳ್ಳೋಣ ಅಂತ ಹೊರಟವರು ದುಡ್ಡು ಕೊಡುವ ಮುಂಚೆ ಇದನ್ನು ಓದಿಬಿಡಿ. ಇನ್ನೂ ಸಿಟ್ಟು ಇಳಿದಿಲ್ಲ, ಮಾತು ಸ್ವಲ್ಪ ಹಿಂದೆಮುಂದೆ ಆದರೆ ಸಹಿಸಿಕೊಳ್ಳಿ.

ಹಳೆ ಲಂಗರು ಹಗುರ, ಚೈನಿಗೆ ತುಕ್ಕು. ಹಾಗಾಗಿ ದಪ್ಪ ಲಂಗರು, ಹೊಸ 10 ಎಂಎಂ ಚೈನ್, ಎರಡನ್ನೂ ಜೋಡಿಸುವ ಪಿನ್ ಇರುವ ಹೊಸ ಕೊಕ್ಕೆ, ಅಂದರೆ ಶ್ಯಾಕಲ್. ಚೈನ್ ಮೇಲೆತ್ತುವ ಯಂತ್ರ, ಅಂದರೆ ವಿಂಡ್‌ಲಾಸ್, ಗಟ್ಟಿಯಾಗಿತ್ತು, ಅದನ್ನೇ ಉಳಿಸಿಕೊಂಡೆ. ಅದರ ಜಿಪ್ಸಿ, ಅಂದರೆ ಚೈನಿನ ಕೊಂಡಿಗಳು ಕೂರುವ ಗುಳಿಗಳಿರುವ ಚಕ್ರ, ಡಿಐಎನ್ 766 ಅನ್ನುವ ಜರ್ಮನ್ ಸ್ಟ್ಯಾಂಡರ್ಡ್ ಅಳತೆಯದು. ಇದನ್ನು ಅಂಗಡಿಯವನಿಗೆ ಬರೆದೇ ಕಳಿಸಿದ್ದೆ. ಚಕ್ರದ ಮೇಲಿನ ಗುರುತಿನ ಫೋಟೋ ಕೂಡ ಕಳಿಸಿದ್ದೆ. “ಕ್ಯಾಲಿಬ್ರೇಟೆಡ್ ಚೈನ್ ಸಾರ್, ಯಾವ ವಿಂಡ್‌ಲಾಸ್‌ಗಾದ್ರೂ ಕೂರುತ್ತೆ” ಅಂದ. ಕ್ಯಾಲಿಬ್ರೇಟೆಡ್ ಅಂದರೆ ಕೊಂಡಿಗಳೆಲ್ಲ ಒಂದೇ ನಿಖರ ಅಳತೆಯವು. ಬರೆದೇ ಕಳಿಸಿದ್ದೆ, ನೆನಪಿಟ್ಟುಕೊಳ್ಳಿ.

ಚೈನ್ ಬಂತು. ಅಳತೆಗೆ ಬಣ್ಣದ ಗುರುತು ಹಾಕಿದೆ, ಕೊನೆಯನ್ನು ಬೇಕಾದಾಗ ಕತ್ತರಿಸುವ ಹಾಗೆ ಹಗ್ಗದಿಂದ ಬೋಟಿಗೆ ಕಟ್ಟಿದೆ, ಶ್ಯಾಕಲ್ ಪಿನ್ನಿಗೆ ತಂತಿ ಸುತ್ತಿದೆ. ಇಳಿಸುವಾಗ ಏನೂ ತೊಂದರೆ ಇಲ್ಲ, ತನ್ನ ಭಾರಕ್ಕೇ ಸರಸರ ಇಳಿಯಿತು. ಮೇಲೆತ್ತುವಾಗ ಶುರುವಾಯಿತು ನೋಡಿ. ಗಾಳಿ ಜಾಸ್ತಿ ಆಗಿತ್ತು, ಪಕ್ಕದಲ್ಲಿ ಬೇರೆ ಬೋಟುಗಳು. ಗುಂಡಿ ಒತ್ತಿದೆ. ನಾಲ್ಕು ಕೊಂಡಿ ಸರಿಯಾಗಿ ಬಂದವು, ಐದನೆಯದು ಗುಳಿಯಲ್ಲಿ ಕೂರದೆ ಅಂಚಿನ ಮೇಲೆ ನಿಂತಿತು. ಖಟ್! ಚೈನ್ ಹಾರಿತು. ಮೇಲೆ ಬಂದಿದ್ದೆಲ್ಲ ಗಡಗಡ ಅಂತ ವಾಪಸ್ ನೀರಿಗೆ. ಮತ್ತೆ ಒತ್ತಿದೆ, ಮತ್ತೆ ಖಟ್. ಬೆರಳು ಅಲ್ಲಿದ್ದಿದ್ದರೆ ಕಥೆಯೇ ಬೇರೆ. ಸುತ್ತಲಿನವರೆಲ್ಲ ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ಕೊನೆಗೆ ಅಷ್ಟೂ ಚೈನನ್ನು ಕೈಯಲ್ಲೇ ಎಳೆದೆ.

ಆಮೇಲೆ ಕ್ಯಾಲಿಪರ್ ಹಿಡಿದು ಕೂತೆ. ಕೊಂಡಿಯ ಒಳ ಉದ್ದ ಹಳೆಯದರಲ್ಲಿ 28 ಎಂಎಂ ಸುಮಾರು. ಹೊಸದರಲ್ಲಿ 30. ಕಂಬಿಯ ದಪ್ಪ ಎರಡರಲ್ಲೂ 10. ಅವನು ಕೊಟ್ಟಿದ್ದು ಐಎಸ್‌ಒ 4565 ಅನ್ನುವ ಬೇರೆ, ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ನ ಚೈನ್! 8 ಎಂಎಂನಲ್ಲಿ ಎರಡೂ ಅಳತೆಗೆ ಒಳ ಉದ್ದ 24, ಅಲ್ಲಿ ಗೋಳಿಲ್ಲ. 10ರಲ್ಲಿ ಮಾತ್ರ ಈ 2 ಎಂಎಂ. ಒಂದು ಕೊಂಡಿಗೆ ಏನೂ ಅನಿಸುವುದಿಲ್ಲ, ಆದರೆ ಪ್ರತಿ ಕೊಂಡಿಗೂ ಸೇರುತ್ತಾ ಹೋಗುತ್ತದೆ ಅಲ್ವಾ, ಅದಕ್ಕೇ ಚೈನ್ ಹಾರುವುದು. ಮಾರುವವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಅವನ ಉತ್ತರಗಳನ್ನು ಕೇಳಿ. ಮೊದಲು, “10 ಎಂಎಂ ಕೇಳಿದ್ರಿ, 10 ಎಂಎಂ ಕೊಟ್ಟಿದ್ದೀವಿ.” ಫೋಟೋ ಮತ್ತೆ ಕಳಿಸಿದೆ. “ನಿಮ್ಮ ಜಿಪ್ಸಿ ಸವೆದಿರಬೇಕು.” ಹಳೆ ಚೈನ್ ಅದೇ ಜಿಪ್ಸಿಯಲ್ಲಿ ಸಲೀಸಾಗಿ ಓಡುವ ವಿಡಿಯೋ ಕಳಿಸಿದೆ. “ಸ್ವಲ್ಪ ದಿನ ಬಳಸಿ ಸಾರ್, ಚೈನ್ ಸೆಟ್ ಆಗುತ್ತೆ.” ಉಕ್ಕಿನ ಕೊಂಡಿ ಸೆಟ್ ಆಗುತ್ತಂತೆ! ಮೈ ಉರಿದುಹೋಯಿತು. ವಾಪಸ್ ತಗೊಳ್ಳಿ ಅಂದಿದ್ದಕ್ಕೆ, “ಕತ್ತರಿಸಿ ಕೊಟ್ಟ ಮಾಲು ವಾಪಸ್ ಇಲ್ಲ. ಬೇಕಾದ್ರೆ ಐಎಸ್‌ಒ ಜಿಪ್ಸಿ ಇದೆ, ನಿಮಗೆ ಅಂತ ಡಿಸ್ಕೌಂಟ್ ಕೊಡ್ತೀವಿ.” ಕಾಲು ಮುರಿದವನೇ ಊರುಗೋಲು ಮಾರಲು ಬಂದ ಹಾಗೆ.

ಶ್ಯಾಕಲ್ ಕಥೆಯೂ ಅಷ್ಟೇ. ಪಳಪಳ ಹೊಳೆಯುತ್ತಿತ್ತು, “ಮೆರೈನ್ ಗ್ರೇಡ್” ಅಂದಿದ್ದ. ಹಾಟ್ ಡಿಪ್ ಗ್ಯಾಲ್ವನೈಸ್, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಲೇಪ, ಸಾಮಾನ್ಯವಾಗಿ ಮಂಕು ಬೂದು, ಸ್ವಲ್ಪ ಒರಟು. ಇದು ತೆಳು ಸತುವಿನ ಲೇಪ, ಬೇಗನೇ ಕಂದು ಕಲೆ ಎದ್ದಿತು. ಎಷ್ಟು ಭಾರ ತಡೆಯುತ್ತದೆ ಅನ್ನುವ ಡಬ್ಲ್ಯೂಎಲ್‌ಎಲ್ ಗುರುತೂ ಅದರ ಮೈಮೇಲೆ ಇಲ್ಲ. ಕೇಳಿದರೆ, “ಉಪ್ಪು ನೀರಲ್ಲಿ ಹಾಗೇ ಸಾರ್.” ರಾತ್ರಿಯಿಡೀ ಇಡೀ ಬೋಟು ಇಂಥ ಒಂದು ಶ್ಯಾಕಲ್ ನಂಬಿ ನಿಲ್ಲಬೇಕು.

ಪೂರ್ತಿ ಚೈನ್ ಕತ್ತರಿಸಲು ಬಿಡಬೇಡಿ. ಮೊದಲು ಒಂದು ತುಂಡು ತರಿಸಿ, ನಿಮ್ಮ ಜಿಪ್ಸಿಯಲ್ಲಿ ಭಾರ ಹಾಕಿ ಓಡಿಸಿ. ಹತ್ತು ಕೊಂಡಿ ಬಿಗಿಯಾಗಿ ಎಳೆದು, ಮೊದಲನೆಯದರ ತುದಿಯಿಂದ ಹನ್ನೊಂದನೆಯದರ ಅದೇ ತುದಿಗೆ ಅಳೆಯಿರಿ. ಡಿಐಎನ್ ಆದರೆ 280 ಎಂಎಂ, ಐಎಸ್‌ಒ ಆದರೆ 300. ಬಿಲ್ಲಿನಲ್ಲೇ ಸ್ಟ್ಯಾಂಡರ್ಡ್ ನಂಬರ್ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಈಗ ನನ್ನ ಮೆಸೇಜ್ ಓದುತ್ತಾನೆ, ಉತ್ತರ ಕೊಡುವುದಿಲ್ಲ. ಐಎಸ್‌ಒ ಜಿಪ್ಸಿ ಇರುವವರಿಗೆ ಈ ಚೈನ್ ಬೇಕಿದ್ದರೆ ಹೇಳಿ, ಚೈನಿನಲ್ಲಿ ದೋಷವಿಲ್ಲ. ಶ್ಯಾಕಲ್ ಮಾತ್ರ ಕೇಳಬೇಡಿ, ಯಾರಿಗೂ ಕೊಡಲ್ಲ.