ಫೈಬ್ರೋಮಯಾಲ್ಜಿಯಾ ಇರೋರು ಓದಿ: ‘ನರ ಉತ್ತೇಜನ ಪ್ಯಾಕೇಜ್’ ಅಂದ್ರೆ ಮೊದಲೇ ದುಡ್ಡು ಕಟ್ಟಬೇಡಿ

ಬರೆಯೋಕೆ ನಾಚಿಕೆ ಆಗ್ತಿದೆ. ಮಕ್ಕಳಿಗೆ ವಿಜ್ಞಾನ ಪಾಠ ಮಾಡೋಳು ನಾನು. ಆದರೂ ಅಂಥ ಪ್ಯಾಕೇಜ್‌ಗೆ ಒಂದು ಕ್ಲಿನಿಕ್‌ನಲ್ಲಿ 42,000 ರೂಪಾಯಿ ಒಂದೇ ಸಲ ಕಟ್ಟಿ ಬಂದೆ. ಚೀಟಿ ಎತ್ತಿದ ದುಡ್ಡು. ಮನೆಯವರಿಗೆ ಪೂರ್ತಿ ಮೊತ್ತ ಹೇಳಿದ್ದು ಹೋದ ವಾರ.

ಆರು ವರ್ಷದಿಂದ ಮೈಯೆಲ್ಲಾ ನೋವು. ಬೆಳಿಗ್ಗೆ ಎದ್ದರೆ ರಾತ್ರಿಯೆಲ್ಲಾ ಮೂಟೆ ಹೊತ್ತ ಹಾಗೆ. ಥೈರಾಯ್ಡ್, ಇಎಸ್‌ಆರ್, ಆರ್‌ಎ ಫ್ಯಾಕ್ಟರ್ ಅಂತ ರಕ್ತ ಪರೀಕ್ಷೆ ಎಲ್ಲಾ ನಾರ್ಮಲ್. ರಿಪೋರ್ಟ್ ನಾರ್ಮಲ್ ಬಂದಷ್ಟೂ ‘ಇವಳದ್ದು ಬರೀ ನೆಪ’ ಅನ್ನೋ ನೋಟ. ಕೊನೆಗೆ ಕೀಲು, ಸ್ನಾಯು ನೋವು ನೋಡೋ ರುಮಟಾಲಜಿ ಡಾಕ್ಟರು ಫೈಬ್ರೋಮಯಾಲ್ಜಿಯಾ ಅಂತ ಹೇಳಿ, ನೋವು ತಗ್ಗಿಸೋ ಡ್ಯುಲಾಕ್ಸೆಟಿನ್ ಮಾತ್ರೆ ಕೊಟ್ಟು, ದಿನಾ ನಡೀರಿ ಅಂದ್ರು. ಸ್ವಲ್ಪ ಹಗುರ ಆಗಿತ್ತು. ಪೂರ್ತಿ ಹೋಗಿರಲಿಲ್ಲ. ಪೂರ್ತಿ ಹೋಗುತ್ತೆ ಅಂದೋರ ಹತ್ರ ಹೋದೆ.

ಅಲ್ಲಿ ಬಿಳಿ ಕೋಟು ಹಾಕಿದವನು ಅಂಗೈಗೆ ಪೆನ್ನಿನಂಥದ್ದೇನೋ ಒತ್ತಿ, ಕಂಪ್ಯೂಟರಲ್ಲಿ ಕೆಂಪು ಗೆರೆ ತೋರಿಸಿದ. “ನಿಮ್ಮ ನರ 70 ಪರ್ಸೆಂಟ್ ಬ್ಲಾಕ್ ಆಗಿದೆ ಮೇಡಂ. 21 ಸಿಟಿಂಗ್, ನೂರಕ್ಕೆ ನೂರು ವಾಸಿ. ಮಾತ್ರೆ ಇವತ್ತೇ ನಿಲ್ಲಿಸಿ, ಅದರಿಂದಲೇ ನರ ಮಂಕಾಗಿರೋದು.” ನಿಲ್ಲಿಸಿದೆ.

ಬೆನ್ನಿಗೆ ನಾಲ್ಕು ಪ್ಯಾಡ್ ಅಂಟಿಸಿ 40 ನಿಮಿಷ ಜುಮ್‌ಜುಮ್. ಹಾಕಿಕೊಂಡಿರುವಾಗ ಹಾಯಾಗಿತ್ತು, ಸುಳ್ಳು ಹೇಳಲ್ಲ. ಬಸ್ ಇಳಿಯೋ ಹೊತ್ತಿಗೆ ಮತ್ತೆ ಅದೇ. ಮೂರನೇ ದಿನದಿಂದ ತಲೆಸುತ್ತು, ವಾಕರಿಕೆ, ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಕೇಳಿದೆ. “ನರ ಎಚ್ಚರ ಆಗ್ತಿದೆ ಮೇಡಂ, ಒಳ್ಳೇ ಸೂಚನೆ.” ನಂಬಿದೆ! ಅಮ್ಮನಿಗೆ ಫೋನ್ ಮಾಡಿ ಖುಷಿಯಿಂದ ಹೇಳಿದೆ. ಅದು ಮಾತ್ರೆ ದಿಢೀರ್ ನಿಲ್ಲಿಸಿದ್ದಕ್ಕೆ ಆಗೋ ತೊಂದರೆ. ನನ್ನ ಡಾಕ್ಟರು ಆಮೇಲೆ ಹೇಳಿದ್ದು. ದುಡ್ಡು ಹೋಗಲಿ, ಇದನ್ನ ಮಾತ್ರ ಕ್ಷಮಿಸಲ್ಲ.

ಹನ್ನೊಂದನೇ ಸಿಟಿಂಗ್ ಮುಗಿಸಿ ಮಾವನಿಗೆ ಮಂಡಿ ಪಟ್ಟಿ ತರೋಕೆ ಸರ್ಜಿಕಲ್ ಅಂಗಡಿಗೆ ಹೋದೆ. ಗಾಜಿನ ಕಪಾಟಲ್ಲಿ ಅದೇ ಬೂದು ಡಬ್ಬ. ಅದೇ ನಾಲ್ಕು ವೈರು, ಅದೇ ಪ್ಯಾಡು. “ಇದೇನು?” ಅಂದೆ. “ಟೆನ್ಸ್ ಮೆಷಿನ್ ಅಮ್ಮ, ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸೋದು, ಫಿಸಿಯೋದವರ ಹತ್ರ ಎಲ್ಲಾ ಇರುತ್ತೆ. 2,350.” ಸುಮ್ಮನೆ ನಿಂತುಬಿಟ್ಟೆ. ಮಂಡಿ ಪಟ್ಟಿ ತರೋದೇ ಮರೆತು ಬಂದೆ. 2,350!

ಮಾರನೇ ದಿನ ಹೋಗಿ ಕೇಳಿದ್ರೆ, “ನಮ್ಮದು ವಿದೇಶಿ ಪ್ರೋಗ್ರಾಂ ಮೇಡಂ, ಡಬ್ಬ ಮಾತ್ರ ಒಂದೇ ಥರ.” ನೋವು ಕಮ್ಮಿಯಾಗಿಲ್ಲವಲ್ಲ ಅಂದ್ರೆ, “ನೀವು ನೆಗೆಟಿವ್ ಯೋಚನೆ ಮಾಡ್ತೀರಿ, ಬಾಡಿ ರೆಸ್ಪಾಂಡ್ ಮಾಡಲ್ಲ.” ದುಡ್ಡು ವಾಪಸ್ ಕೊಡಿ ಅಂದ್ರೆ, “ಸೈನ್ ಮಾಡಿದೀರಲ್ಲ.” ಆರು ವರ್ಷ ನೆಂಟರ ಬಾಯಲ್ಲಿ ಕೇಳಿದ್ದನ್ನೇ ದುಡ್ಡು ಕೊಟ್ಟು ಇವರ ಬಾಯಲ್ಲೂ ಕೇಳಿದೆ.

ಟೆನ್ಸ್ ಮೋಸ ಅಂತ ನಾನು ಹೇಳ್ತಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಫೈಬ್ರೋಮಯಾಲ್ಜಿಯಾ ಇದ್ದ 301 ಹೆಂಗಸರ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆ ಇದೆ. ಮನೆಯಲ್ಲೇ ಓಡಾಡ್ತಾ ದಿನಕ್ಕೆ ಎರಡು ಗಂಟೆ, ನಾಲ್ಕು ವಾರ. ನಕಲಿ ಯಂತ್ರ ಹಾಕಿಕೊಂಡವರಿಗಿಂತ ನಿಜವಾದ ಟೆನ್ಸ್ ಹಾಕಿಕೊಂಡವರಿಗೆ ನಡೆದಾಡುವಾಗಿನ ನೋವು, ಸುಸ್ತು ಕಮ್ಮಿಯಾಯ್ತು. ಕಮ್ಮಿ ಆಗೋದು ಬೇರೆ, ವಾಸಿ ಆಗೋದು ಬೇರೆ. ಇನ್ನು ಈ ಕಾಯಿಲೆಯಲ್ಲಿ ನರ ಬ್ಲಾಕ್ ಅನ್ನೋದೇ ಇಲ್ಲ. ಮಿದುಳು, ಬೆನ್ನುಹುರಿ ನೋವಿನ ಸಂಕೇತವನ್ನ ಜೋರು ಮಾಡಿಬಿಡುತ್ತವೆ ಅಂತ ಡಾಕ್ಟರು ಬಿಡಿಸಿ ಹೇಳಿದ್ರು. ಆ ಕೆಂಪು ಗೆರೆ ಏನು ಅಂತ ಅವರಿಗೂ ಗೊತ್ತಾಗಲಿಲ್ಲ.

ಯಾರೇ ಹೇಳಲಿ, ನಿಮ್ಮ ಡಾಕ್ಟರನ್ನ ಕೇಳದೆ ಮಾತ್ರೆ ನಿಲ್ಲಿಸಬೇಡಿ. ಗೋಡೆ ಮೇಲೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯಾ ನೋಡಿ, ಅಲ್ಲಿ ಇರಲಿಲ್ಲ, ದುಡ್ಡು ಕಟ್ಟೋ ಮುಂಚೆ ನಾನು ನೋಡಲೂ ಇಲ್ಲ. ಟೆನ್ಸ್ ಬೇಕಾದ್ರೆ ಫಿಸಿಯೋ ಹತ್ರ ಕಲಿತು ಮನೆಗೇ ತನ್ನಿ. ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು ಮೊದಲು ಡಾಕ್ಟರನ್ನ ಕೇಳಲೇಬೇಕು.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೀನಿ. ಅದಾದ ಮೇಲೆ ಅವರಿಂದ ಬಂದ ವಾಟ್ಸಾಪ್ ಇದು: “ಮೇಡಂ, ಮಿಕ್ಕ 10 ಸಿಟಿಂಗ್ ನಿಮ್ಮ ಮನೆಯವರು ಯಾರಿಗಾದ್ರೂ ಟ್ರಾನ್ಸ್‌ಫರ್ ಮಾಡಿಕೊಡ್ತೀವಿ. ತಂಗಿ ಇದ್ರೆ ಕರ್ಕೊಂಡು ಬನ್ನಿ.”