ಸೇಫ್ಟಿ ರೇಜರ್: ಹಿಡಿಕೆ ಸರಿ, ಹಳೇ ಬ್ಲೇಡ್ ಎಲ್ಲಿಗೆ?

ಸೇಫ್ಟಿ ರೇಜರನ್ನು ಪರಿಸರದ ಮೇಲಿನ ಪ್ರೀತಿಯಿಂದ ಕೊಂಡೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ಜಿಪುಣತನದಿಂದ ಕೊಂಡೆ. ಕಾರ್ಟ್ರಿಜ್ ರೇಜರ್ ಮಾರುವವರು ಹಿಡಿಕೆಯನ್ನು ಅಗ್ಗಕ್ಕೆ ಕೊಡುತ್ತಾರೆ, ಆಮೇಲೆ ಬ್ಲೇಡ್ ಕೂರಿಸಿದ, ಬದಲಿಸುವ ತಲೆಗಳ ಹೆಸರಲ್ಲಿ ವರ್ಷಗಟ್ಟಲೆ ದುಡ್ಡು ಕೀಳುತ್ತಾರೆ. ತಲೆಯ ಆಕಾರ ಬದಲಾದ ದಿನ ಚೆನ್ನಾಗಿರುವ ಹಿಡಿಕೆಯೂ ಕಸ. ಆ ತಲೆಯಲ್ಲಿ ಪ್ಲಾಸ್ಟಿಕ್, ರಬ್ಬರ್, ಜಾರುವ ಅಂಟುಪಟ್ಟಿ, ಉಕ್ಕಿನ ಬ್ಲೇಡ್ ಎಲ್ಲ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಅದನ್ನು ಬಿಡಿಸಿ ಬೇರೆ ಮಾಡುವವರು ಸಿಗುವುದು ಕಷ್ಟ.

ಹಾಗಾಗಿ ಎರಡು ಅಂಚಿನ ಬ್ಲೇಡ್ ಹಾಕುವ ಹಳೇ ಮಾದರಿಯ ಲೋಹದ ರೇಜರ್‌ಗೆ ಬಂದೆ. ಕೆಲವು ವರ್ಷ ಆಯಿತು. ತೂಕ, ಉದ್ದ, ಹಿಡಿಕೆಯ ಗೆರೆಗಳ ವಿವರ ನಿಮಗೆ ಎಲ್ಲಾದರೂ ಸಿಗುತ್ತದೆ, ಅದನ್ನು ಬಿಡೋಣ.

ಇದರಲ್ಲಿ ನನಗೆ ನಿಜವಾಗಿ ಉಳಿತಾಯ ಆಗಿದ್ದು ಬ್ಲೇಡಿನ ಅಳತೆಯಿಂದ. ನಡುವಿನ ಸೀಳಿನ ಆಕಾರ ಶುರುವಿನ ವರ್ಷಗಳಲ್ಲಿ ಬದಲಾಗಿದ್ದುಂಟು. ಆದರೆ ದಶಕಗಳಿಂದ ಅಳತೆ ಒಂದೇ. ಯಾವ ಕಂಪನಿಯ ಬ್ಲೇಡ್ ಆದರೂ ಯಾವ ಕಂಪನಿಯ ಹಿಡಿಕೆಯಲ್ಲೂ ಕೂರುತ್ತದೆ. ಒಬ್ಬರು ಬೆಲೆ ಏರಿಸಿದರೆ ಇನ್ನೊಬ್ಬರ ಹತ್ತಿರ ಹೋಗಬಹುದು. ಇಷ್ಟು ಸ್ವಾತಂತ್ರ್ಯ ಮನೆಯ ಬೇರೆ ಯಾವ ವಸ್ತುವಿನಲ್ಲಿದೆ ಹೇಳಿ?

ಬೆಳಗಿನ ಕೆಲಸ ಹೀಗೆ ನಡೆಯುತ್ತದೆ. ಮೊದಲು ಸ್ನಾನ, ಆಮೇಲೆ ಶೇವ್. ಗಡ್ಡದ ಕೂದಲು ನೀರು ಕುಡಿದು ಮೆತ್ತಗಾಗಲು ಎರಡು ಮೂರು ನಿಮಿಷ ಬೇಕು. ಒಣ ಮುಖಕ್ಕೆ ನೊರೆ ಬಳಿದು ಶುರು ಮಾಡಿದರೆ ಬ್ಲೇಡ್ ಎಳೆಯುತ್ತದೆ. ಕಾಗದದಲ್ಲಿ ಸುತ್ತಿ ಬರುವ ಶೇವಿಂಗ್ ಸೋಪಿನ ಮೇಲೆ ಒದ್ದೆ ಬ್ರಷ್ಷನ್ನು ಸುತ್ತಿಸುತ್ತೇನೆ. ಮೊದಲು ದೊಡ್ಡ ದೊಡ್ಡ ಗುಳ್ಳೆ ಬರುತ್ತವೆ, ಅದು ಸಾಲದು. ಸ್ವಲ್ಪ ಸ್ವಲ್ಪ ನೀರು ಸೇರಿಸುತ್ತಾ ಹೋದರೆ ಗುಳ್ಳೆ ಸಣ್ಣದಾಗಿ, ನೊರೆ ಗಟ್ಟಿಯಾಗಿ, ಹೊಳಪು ಬರುತ್ತದೆ. ಸ್ಪ್ರೇ ಡಬ್ಬದ ನೊರೆ ಬಳಸುತ್ತಿದ್ದಾಗ ಈ ಮಜಾ ನನಗೆ ಗೊತ್ತೇ ಇರಲಿಲ್ಲ. ಒಂದು ಸೋಪು ಎಷ್ಟು ಕಾಲ ಬರುತ್ತದೆ ಅಂದರೆ, ಕೊಂಡಿದ್ದು ಯಾವಾಗ ಅನ್ನುವುದೇ ಮರೆತುಹೋಗುತ್ತದೆ.

ಆಮೇಲೆ ಸದ್ದು. ಇದನ್ನು ಯಾರೂ ಹೇಳಿರಲಿಲ್ಲ! ತೆಳು ಬ್ಲೇಡ್ ಕೂದಲು ಕತ್ತರಿಸುವಾಗ ಸಣ್ಣಗೆ ಕರಕರ ಅನ್ನುತ್ತದೆ. ಆ ಸದ್ದಿನಿಂದಲೇ ಕೋನ ಸರಿ ಇದೆಯೋ ಇಲ್ಲವೋ ತಿಳಿಯುತ್ತದೆ. ಚರ್ಮಕ್ಕೆ ಸುಮಾರು 30 ಡಿಗ್ರಿ ವಾಲಿಸಿ, ರೇಜರಿನ ತೂಕಕ್ಕೇ ಕೆಲಸ ಬಿಟ್ಟು, ಕೂದಲು ಬೆಳೆದ ದಿಕ್ಕಿಗೇ ಇಳಿಸಬೇಕು. ಒತ್ತಿದರೆ ರಕ್ತ. ಕಾರ್ಟ್ರಿಜ್ ಅಭ್ಯಾಸದ ಕೈಗೆ ಈ ಒತ್ತದಿರುವುದೇ ಕಷ್ಟ. ಕೆಲವು ವಾರ ಗದ್ದದ ಕೆಳಗೆ ಗೀರು ಬೀಳುತ್ತದೆ, ತಾಳಿಕೊಳ್ಳಿ. ಮುಗಿದ ಮೇಲೆ ಹಿಡಿಕೆಯನ್ನು ಅರ್ಧ ಸುತ್ತು ಸಡಿಲಿಸಿ, ನೀರಲ್ಲಿ ಜಾಲಿಸಿ, ಕೊಡವಿ, ನಿಲ್ಲಿಸಿ ಇಡುತ್ತೇನೆ. ಬ್ಲೇಡ್ ಒರೆಸಲು ಹೋಗುವುದಿಲ್ಲ. ಬಟ್ಟೆಯೂ ಹಾಳು, ಬೆರಳೂ ಹಾಳು.

ಇಲ್ಲಿವರೆಗೆ ಎಲ್ಲ ಚಂದ. ನನ್ನ ತಕರಾರು ಬ್ಲೇಡ್ ಮೊಂಡಾದ ಮೇಲೆ ಶುರುವಾಗುತ್ತದೆ.

ಮೊಂಡಾಗುವುದನ್ನು ತಡೆಯಲು ಆಗುವುದಿಲ್ಲ. ಒಣಗಿಸಿ ಇಟ್ಟರೆ ತುಕ್ಕು ತಪ್ಪಬಹುದು, ಸವೆತ ತಪ್ಪುವುದಿಲ್ಲ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಸೂಕ್ಷ್ಮದರ್ಶಕದ ಕೆಳಗೆ ನೋಡಿ ಹೇಳಿದ್ದಾರೆ: ಕೂದಲು ಸ್ಟೀಲಿಗಿಂತ ಸುಮಾರು 50 ಪಟ್ಟು ಮೆತ್ತಗಿದ್ದರೂ, ಕತ್ತರಿಸುವಾಗ ಅದು ಬಾಗಿದರೆ ಬ್ಲೇಡಿನ ಅಂಚಿನಿಂದ ಸಣ್ಣ ಚೂರುಗಳು ಎದ್ದುಬಿಡುತ್ತವೆ. ಅಂಚು ನಿಧಾನಕ್ಕೆ ಉರುಟಾಗುವುದಕ್ಕಿಂತ ಚೂರು ಏಳುವುದೇ ದೊಡ್ಡ ಕಾರಣವಂತೆ. ನನ್ನದು ಒರಟು ಗಡ್ಡ, ಬ್ಲೇಡ್ ಬೇಗ ಹೋಗುತ್ತದೆ. ಉಳಿಸಬೇಕು ಅಂತ ಮೊಂಡು ಬ್ಲೇಡನ್ನೇ ಎಳೆದಾಡಿದರೆ ಮುಖ ಉರಿಯುತ್ತದೆ. ಅಂಥ ಉಳಿತಾಯ ನನಗೆ ಬೇಡ.

ಸರಿ, ತೆಗೆದ ಬ್ಲೇಡ್ ಎಲ್ಲಿ ಹಾಕುವುದು? ನನ್ನ ರೇಜರಿನ ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಇಲ್ಲ, ಕಸ ಇಲ್ಲ, ಜೀವಮಾನ ಪೂರ್ತಿ ಬಾಳುತ್ತದೆ ಅಂತೆಲ್ಲ ಹಸಿರು ಅಕ್ಷರದಲ್ಲಿ ಬರೆದಿದ್ದರು. ಒಳಗಿನ ಚೀಟಿಯಲ್ಲಿ ಕೋನದ ಚಿತ್ರ ಇತ್ತು, ತೊಳೆಯುವ ಚಿತ್ರ ಇತ್ತು. ಹಳೇ ಬ್ಲೇಡ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಸ ಇಲ್ಲ ಅಂತ ಹೇಳಿ ಮಾರುವವರು, ಇದರಿಂದ ಬರುವ ಒಂದೇ ಒಂದು ಕಸದ ಬಗ್ಗೆ ಬಾಯಿ ಬಿಡುವುದಿಲ್ಲ.

ಈ ಮೌನ ಇವತ್ತಿನದಲ್ಲ. ಕಿಂಗ್ ಕ್ಯಾಂಪ್ ಜಿಲೆಟ್ ಈ ರೇಜರಿಗೆ ಪೇಟೆಂಟ್ ಪಡೆದಿದ್ದು 1904ರಲ್ಲಿ. ಅದಕ್ಕೂ ಮುಂಚೆ ಅವನು ಬಾಟಲಿಯ ಮುಚ್ಚಳ ತಯಾರಿಸುವ ಕಂಪನಿಯಲ್ಲಿ ಮಾರಾಟದ ಕೆಲಸದಲ್ಲಿದ್ದ. ಜನ ಬಳಸಿ ಎಸೆದು ಮತ್ತೆ ಕೊಳ್ಳುವಂಥದ್ದನ್ನು ಕಂಡುಹಿಡಿ ಅಂತ ಆ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಅವನಿಗೆ ಹೇಳಿದ್ದನಂತೆ. ಅಂದರೆ ನಾವು ಇವತ್ತು ಕಸ ಕಡಿಮೆ ಮಾಡಲು ಕೊಳ್ಳುತ್ತಿರುವ ಬ್ಲೇಡ್ ಹುಟ್ಟಿದ್ದೇ ಎಸೆಯಲಿಕ್ಕೆ! ಎಲ್ಲಿಗೆ ಎಸೆಯುವುದು ಅನ್ನುವುದಕ್ಕೆ ಅಮೆರಿಕದ ಹಳೇ ಮನೆಗಳಲ್ಲಿ ಒಂದು ಉಪಾಯ ಇತ್ತು. ಬಚ್ಚಲಿನ ಔಷಧಿ ಕಪಾಟಿನ ಹಿಂಭಾಗದಲ್ಲಿ ಒಂದು ಸೀಳು. ಬ್ಲೇಡನ್ನು ಅಲ್ಲಿ ತೂರಿಸಿದರೆ ಗೋಡೆಯೊಳಗಿನ ಟೊಳ್ಳಿಗೆ ಬೀಳುತ್ತಿತ್ತು. ಅಷ್ಟೇ, ಕೆಲಸ ಮುಗಿಯಿತು. ಈಗ ಆ ಮನೆಗಳ ಗೋಡೆ ಒಡೆದಾಗ ತುಕ್ಕು ಹಿಡಿದ ಬ್ಲೇಡಿನ ರಾಶಿ ಸಿಗುತ್ತದೆ.

ನಾವು ಬುಟ್ಟಿಗೆ ಹಾಕುತ್ತೇವೆ, ಅದು ಇನ್ನೂ ಕೆಟ್ಟದು. ಕಾಗದದಲ್ಲಿ ಸುತ್ತಿದರೂ ಕಾಗದ ನೆನೆದು ಹರಿಯುತ್ತದೆ. ಆಮೇಲೆ ಆ ಚೀಲ ಹಿಡಿಯುವವರ, ಕಸ ಬೇರ್ಪಡಿಸುವವರ ಕೈ ಕೊಯ್ಯುತ್ತದೆ. ಯಂತ್ರದಲ್ಲಿ ಬೇರ್ಪಡಿಸುವ ಕಡೆಯೂ ಬಿಡಿ ಬ್ಲೇಡ್ ಸಣ್ಣದಾಗಿರುವುದರಿಂದ ಜರಡಿಯಲ್ಲಿ ಸೋರಿ ಹೋಗುವ ಸಾಧ್ಯತೆಯೇ ಜಾಸ್ತಿ. ಕೆಲವು ಬ್ಲೇಡುಗಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತವೆ, ಅದರ ಹಿಂದೆ ಹಳೆಯದನ್ನು ತೂರಿಸಲು ಜಾಗ ಇರುತ್ತದೆ. ಕೈಗೆ ಸುರಕ್ಷಿತ, ನಿಜ. ಆದರೆ ಪ್ಲಾಸ್ಟಿಕ್ಕಿನೊಳಗೆ ಉಕ್ಕು ಸೇರಿ ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಕಾರ್ಟ್ರಿಜ್ ಬಿಟ್ಟು ಬಂದಿದ್ದು ಇದಕ್ಕಾ ಅನ್ನಿಸುತ್ತದೆ. ನಾನು ಈಗ ಕಾಗದದ ಪೆಟ್ಟಿಗೆಯಲ್ಲಿ ಬರುವುದನ್ನು ಮಾತ್ರ ಕೊಳ್ಳುತ್ತೇನೆ.

ನನ್ನ ದಾರಿ ಇದು. ಮುಚ್ಚಳ ಗಟ್ಟಿಯಾಗಿ ಕೂರುವ ಒಂದು ತಗಡಿನ ಡಬ್ಬ ತೆಗೆದುಕೊಳ್ಳಿ. ಸುಮ್ನೆ ಸಿಕ್ಕ ಖಾಲಿ ಡಬ್ಬ ಸಾಕು, ಬ್ಲೇಡ್ ಬ್ಯಾಂಕ್ ಅಂತ ಮಾರುವ ಚಂದದ ಡಬ್ಬಕ್ಕೆ ದುಡ್ಡು ಹಾಕಬೇಡಿ. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಉಕ್ಕಿನ ತಗಡು, ಇಟ್ಟುಕೊಳ್ಳಿ. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಬೇಡ. ಬ್ಲೇಡ್ ಸ್ಟೇನ್‌ಲೆಸ್ ಆದರೂ ಅಯಸ್ಕಾಂತಕ್ಕೆ ಅಂಟುತ್ತದೆ, ನಾನು ಹಿಡಿದು ನೋಡಿದ್ದೇನೆ. ಡಬ್ಬವೂ ಉಕ್ಕು, ಬ್ಲೇಡೂ ಉಕ್ಕು ಆದರೆ ಎರಡೂ ಒಟ್ಟಿಗೇ ಕರಗುವ ಕಡೆಗೆ ಹೋಗುತ್ತವೆ. ಮುಚ್ಚಳದಲ್ಲಿ ಬ್ಲೇಡ್ ಅಗಲಕ್ಕೆ ಒಂದು ಸೀಳು ಮಾಡಿ, ಮುಚ್ಚಳವನ್ನು ಅಂಟಿಸಿಬಿಡಿ. ತುಂಬಿದ ಮೇಲೆ ಸೀಳನ್ನು ಬಡಿದು ಮುಚ್ಚಿ, ಒಳಗೆ ಬ್ಲೇಡ್ ಇದೆ ಅಂತ ದೊಡ್ಡದಾಗಿ ಬರೆಯಿರಿ.

ಬೇಗ ತುಂಬುತ್ತದೆ ಅನ್ನುವ ಚಿಂತೆ ಬೇಡ. ಒಂದು ಬ್ಲೇಡ್ 0.1 ಮಿಲಿಮೀಟರ್ ದಪ್ಪ. 100 ಬ್ಲೇಡ್ ಒಂದರ ಮೇಲೊಂದು ಇಟ್ಟರೆ ಒಂದು ಸೆಂಟಿಮೀಟರ್. ಡಬ್ಬದಲ್ಲಿ ಅಡ್ಡಾದಿಡ್ಡಿ ಬೀಳುವುದರಿಂದ ಜಾಗ ಜಾಸ್ತಿ ಹಿಡಿಯುತ್ತದೆ, ಆದರೂ ನನ್ನ ಮೊದಲ ಡಬ್ಬವೇ ಇನ್ನೂ ತುಂಬಿಲ್ಲ. ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಇಷ್ಟು ವರ್ಷದ ಶೇವಿಂಗ್ ಕಸವೆಲ್ಲ ಇದರಲ್ಲೇ ಇದೆಯಲ್ಲ ಅಂತ ನೋಡಿದಾಗ ಕೋಪ ಸ್ವಲ್ಪ ಇಳಿಯುತ್ತದೆ. ಹಳೇ ಪದ್ಧತಿಯಲ್ಲಾಗಿದ್ದರೆ ಇಷ್ಟರಲ್ಲಿ ಎಷ್ಟು ಬುಟ್ಟಿ ಪ್ಲಾಸ್ಟಿಕ್ ತಲೆಗಳು ಹೋಗಿರುತ್ತಿದ್ದವೋ. ತುಂಬುವ ಮೊದಲೇ ಒಂದು ಕೆಲಸ ಮಾಡಿದೆ, ಗುಜರಿಯವರನ್ನು ಕೇಳಿದೆ. ಒಬ್ಬರು ಮುಚ್ಚಿದ ಡಬ್ಬ ಬೇಡ ಅಂದರು, ಇನ್ನೊಬ್ಬರು ಹೊರಗೆ ಬರೆದಿದ್ದರೆ ಕೊಡಿ ಅಂದರು. ನೀವೂ ಕೇಳಿಟ್ಟುಕೊಳ್ಳಿ.

ರೇಜರಿನ ಬಾಳಿಕೆ ಬಗ್ಗೆ ಎರಡು ಮಾತು. ನನ್ನ ಬಜೆಟ್ಟಿಗೆ ಸಿಕ್ಕಿದ್ದು ಜಮಾಕ್, ಅಂದರೆ ಸತು ಹೆಚ್ಚಿರುವ ಮಿಶ್ರಲೋಹದ್ದು, ಮೇಲೆ ಕ್ರೋಮ್ ಲೇಪ. ತಳದ ತಟ್ಟೆಯ ಒಂದು ಮೂಲೆಯಲ್ಲಿ ಲೇಪ ಎದ್ದಿದೆ. ತಿರುಪನ್ನು ಜೋರಾಗಿ ಬಿಗಿದರೆ ಈ ಲೋಹ ಮುರಿಯುತ್ತದೆ, ಬೆರಳಿನಲ್ಲಿ ಹಗುರಾಗಿ ತಿರುಗಿಸಿ ಬಿಗಿದರೆ ಸಾಕು. ಜೀವಮಾನ ಪೂರ್ತಿ ಅನ್ನುವ ಮಾತು ಹಿತ್ತಾಳೆಗೋ ಸ್ಟೇನ್‌ಲೆಸ್ ಸ್ಟೀಲಿಗೋ ಹೊಂದುತ್ತದೆ. ಕೈಯಲ್ಲಿ ದುಡ್ಡಿದ್ದರೆ ಅದನ್ನೇ ಕೊಳ್ಳಿ. ಯಾರದ್ದಾದರೂ ಹಳೇ ಹಿತ್ತಾಳೆಯ ರೇಜರ್ ಮೂಲೆಯಲ್ಲಿ ಬಿದ್ದಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ, ತೊಳೆದು ಹೊಸ ಬ್ಲೇಡ್ ಹಾಕಿದರೆ ಆಯಿತು.

ಒಂದು ಅಪಾಯ ಇದೆ, ಹವ್ಯಾಸ. ಇದಕ್ಕೆ ಬಂದವರಲ್ಲಿ ಕೆಲವರು ಆರು ಬ್ರಷ್, ಹತ್ತು ಸೋಪು, ಮೂರು ಸ್ಟ್ಯಾಂಡ್ ಇಟ್ಟುಕೊಂಡಿರುತ್ತಾರೆ. ಉಳಿತಾಯ ಅಂತ ಹೊರಟವರು ಬಚ್ಚಲಿನಲ್ಲಿ ಕಪಾಟು ಕಟ್ಟಿಸುತ್ತಾರೆ. ಅವರ ಖುಷಿ ಅವರದ್ದು. ನಿಮ್ಮ ಉದ್ದೇಶ ದುಡ್ಡು ಉಳಿಸುವುದಾದರೆ ಒಂದು ರೇಜರ್, ಒಂದು ಬ್ರಷ್, ಒಂದು ಸೋಪು ಸಾಕು.

ವಿಮಾನದಲ್ಲಿ ಓಡಾಡುವವರು ಗಮನಿಸಿ: ಕೈಚೀಲದಲ್ಲಿ ಬ್ಲೇಡ್ ಒಯ್ಯಲು ಬಿಡುವುದಿಲ್ಲ. ನಾನು ಬ್ಲೇಡ್ ತೆಗೆದ ಹಿಡಿಕೆ ಮಾತ್ರ ಹಾಕಿಕೊಂಡು ಹೋಗುತ್ತೇನೆ, ಇಳಿದ ಕಡೆ ಒಂದು ಸಣ್ಣ ಪೊಟ್ಟಣ ಕೊಳ್ಳುತ್ತೇನೆ. ಬಳಸಿದ್ದನ್ನು ಅದೇ ಪೊಟ್ಟಣಕ್ಕೆ ಹಾಕಿ, ವಾಪಸ್ ಬರುವಾಗ ದೊಡ್ಡ ಲಗೇಜಿನಲ್ಲಿ ಕಳಿಸುತ್ತೇನೆ. ದೊಡ್ಡ ಲಗೇಜ್ ಇಲ್ಲದ ಪ್ರಯಾಣವಾದರೆ ಗಡ್ಡ ಬಿಟ್ಟುಕೊಂಡೇ ಬರುತ್ತೇನೆ.